ಇಳಿಯುವುದಕ್ಕಿಂತ ಏರಿ ಬರುವುದೇ ಕಷ್ಟ: ಗುಹೆ, ಕೊರಕಲು, ಬಾವಿಗಳಲ್ಲಿ ಹಗ್ಗದ ಸುರಕ್ಷತೆ ಮತ್ತು ರಕ್ಷಣಾ ಕಾರ್ಯ

ಮಧುಗಿರಿ: 2024ರ ಅಕ್ಟೋಬರ್ 27ರ ಭಾನುವಾರ ತುಮಕೂರು ತಾಲ್ಲೂಕಿನ ಮೈದಾಳ ಕೆರೆಯ ಬಳಿ ವಿದ್ಯಾರ್ಥಿನಿಯೊಬ್ಬರು ಕಾಲುಜಾರಿ ಬಂಡೆಗಳ ನಡುವಿನ ಕೊರಕಲಿಗೆ ಬಿದ್ದರು. ಕೆರೆಯಿಂದ ಹೊರಬೀಳುವ ನೀರು ಅದೇ ಕೊರಕಲಿನ ಮೂಲಕ ಹರಿಯುತ್ತಿತ್ತು. ಅಗ್ನಿಶಾಮಕ ಸಿಬ್ಬಂದಿ ಮತ್ತು ಪೊಲೀಸರು ನೀರಿನ ಹರಿವನ್ನು ತಿರುಗಿಸಿ, ಮರುದಿನ ಅವರನ್ನು ಜೀವಂತವಾಗಿ ಹೊರತಂದರು. ಜಿಲ್ಲಾ ಕೇಂದ್ರವಿರುವ ತಾಲ್ಲೂಕಿನಲ್ಲಿಯೇ ನಡೆದ ಈ ಕಾರ್ಯಕ್ಕೆ ಒಂದಿಡೀ ರಾತ್ರಿ ಹಿಡಿಯಿತು. ಇಂತಹುದೇ ಅವಘಡ ಪಾವಗಡದ ಗಡಿಗ್ರಾಮದಲ್ಲೋ ಕೊರಟಗೆರೆಯ ಬೆಟ್ಟದ ನೆತ್ತಿಯಲ್ಲೋ ನಡೆದರೆ ಎಷ್ಟು ಹೊತ್ತು ಹಿಡಿದೀತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನೇರವಾಗಿ ಕೆಳಕ್ಕಿಳಿಯುವ ಜಾಗ ಯಾವುದೇ ಇರಲಿ, ಅದು ಗುಹೆಯಾಗಿರಲಿ, ಬಂಡೆಯ ಸೀಳಾಗಿರಲಿ, ಬತ್ತಿದ ಬಾವಿಯಾಗಿರಲಿ, ಅಲ್ಲಿನ ಅಪಾಯಗಳ ಸ್ವಭಾವ ಒಂದೇ. ಕೆಳಗೆ ಹೋಗಲು ಭೂಮಿಯ ಸೆಳೆತವೇ ನೆರವಾಗುತ್ತದೆ. ಮೇಲೆ ಬರಲು ಅದೇ ಎದುರಾಳಿ. ಆದ್ದರಿಂದ ಮೇಲೆ ಬರುವ ದಾರಿಯನ್ನು ಸಿದ್ಧಪಡಿಸಿಕೊಳ್ಳದೆ ಇಳಿಯಬಾರದು ಎಂಬುದು ಜಗತ್ತಿನ ಎಲ್ಲ ಗುಹಾನ್ವೇಷಕರ ಮೊದಲ ನಿಯಮ. ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಈ ನಿಯಮದ ಅರ್ಥವೇನು, ಹಗ್ಗ ಹೇಗಿರಬೇಕು, ಅವಘಡವಾದಾಗ ಏನು ಮಾಡತಕ್ಕದ್ದು ಎಂಬುದರ ವಿವರ ಇಲ್ಲಿದೆ.

ನೆಲದ ಸ್ವಭಾವ

ನೂರಾರು ಅಡಿ ನೇರವಾಗಿ ಇಳಿಯುವ ಗುಹೆಗಳು ಸಾಮಾನ್ಯವಾಗಿ ಸುಣ್ಣಕಲ್ಲಿನ ಪ್ರದೇಶದಲ್ಲಿ ರೂಪುಗೊಳ್ಳುತ್ತವೆ. ಮಳೆನೀರು ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಸಾವಿರಾರು ವರ್ಷ ಸುಣ್ಣಕಲ್ಲನ್ನು ಕರಗಿಸುತ್ತದೆ. ಮೇಘಾಲಯದ ಗುಹೆಗಳು ಬಹುಪಾಲು ಈ ಬಗೆಯವು. ಅಲ್ಲಿನ ಕ್ರೆಮ್ ಲಿಯಾಟ್ ಪ್ರಾ ಎಂಬ ಗುಹೆಯ ಉದ್ದ 30 ಕಿ.ಮೀ.ಗೂ ಹೆಚ್ಚು. ಪಾವಗಡದ ಈಶಾನ್ಯಕ್ಕೆ, ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿರುವ ಬೇಲಂ ಗುಹೆಯೂ ಸುಣ್ಣಕಲ್ಲಿನದೇ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ, 1980ರ ದಶಕದ ಆರಂಭದಲ್ಲಿ ಜರ್ಮನಿಯ ತಂಡ ಅಳತೆ ಮಾಡಿದ ಈ ಗುಹೆಯ ಉದ್ದ 3,229 ಮೀಟರ್. ಅದರ ಒಂದು ಭಾಗವನ್ನು 2002ರಲ್ಲಿ ಪ್ರವಾಸಿಗರಿಗೆ ತೆರೆಯಲಾಯಿತು. ನಮ್ಮ ರಾಜ್ಯದಲ್ಲಿ ದಾಂಡೇಲಿ ಬಳಿಯ ಕವಳಾ ಗುಹೆ ಇದೇ ಜಾತಿಗೆ ಸೇರಿದ್ದು.

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಕಥೆ ಬೇರೆ. ಇಲ್ಲಿನ ಬೆಟ್ಟಗಳು ಗ್ರಾನೈಟ್ ಮತ್ತು ನೈಸ್ ಶಿಲೆಯವು. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯಲಾಗುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಶಿಲಾಪಟ್ಟಿ ದಕ್ಷಿಣೋತ್ತರವಾಗಿ ಈ ಸೀಮೆಯ ಮೂಲಕ ಹಾದುಹೋಗುತ್ತದೆ. ಗ್ರಾನೈಟ್ ನೀರಿಗೆ ಕರಗುವುದಿಲ್ಲ. ಅದು ಸೀಳುತ್ತದೆ, ಉರುಳುತ್ತದೆ, ಒಂದರ ಮೇಲೊಂದು ಕೂರುತ್ತದೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಗುಹೆಗಳು ಹೀಗೆ ಹೆಬ್ಬಂಡೆಗಳ ನಡುವೆ ಉಳಿದ ಸಂದುಗಳೇ. ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡದ ಕೋಟೆ, ನಿಡಗಲ್ಲು, ಇವೆಲ್ಲವುಗಳಲ್ಲಿ ಕಡಿದಾದ ಬಂಡೆಮುಖ, ಸೀಳು ಮತ್ತು ಕೊರಕಲುಗಳು ಸಾಮಾನ್ಯ.

ಸಿರಾದ ಬಯಲಿನಲ್ಲಿ ಬೆಟ್ಟ ಕಡಿಮೆ, ಬಾವಿ ಹೆಚ್ಚು. ಒಂದು ಕಾಲಕ್ಕೆ ಕಪಿಲೆ ಹೊಡೆದು ತೋಟಕ್ಕೆ ನೀರೆತ್ತುತ್ತಿದ್ದ ದೊಡ್ಡ ತೆರೆದ ಬಾವಿಗಳು ಕೊಳವೆ ಬಾವಿಗಳ ಕಾಲದಲ್ಲಿ ಬತ್ತಿದವು. ನೀರು ಹೋದರೂ ಬಾವಿ ಹೋಗಲಿಲ್ಲ. ಸುತ್ತುಗೋಡೆ ಕುಸಿದು, ಅಂಚಿನಲ್ಲಿ ಲಂಟಾನ ಬೆಳೆದು, ಅಲ್ಲಿ ಬಾವಿಯಿದೆ ಎಂಬುದೇ ದಾರಿಹೋಕರಿಗೆ ತಿಳಿಯದಂತಾಗಿದೆ. ಈ ಸೀಮೆಯ ನಿಜವಾದ 'ನೇರ ಗುಹೆ'ಗಳೆಂದರೆ ಇವೇ. ಆಡು ಬಿದ್ದಿತೆಂದೋ, ಮೋಟಾರು ಕೆಟ್ಟಿತೆಂದೋ, ಹೂಳೆತ್ತಬೇಕೆಂದೋ ಯಾವ ತರಬೇತಿಯೂ ಇಲ್ಲದವರು ಇವುಗಳಿಗೆ ಹಗ್ಗ ಹಿಡಿದು ಇಳಿಯುತ್ತಾರೆ.

ಹಗ್ಗ ಯಾವುದು?

ಹೊಲಮನೆಯಲ್ಲಿ ಸಿಗುವ ಹಗ್ಗಗಳು ಮೂರು ಬಗೆ: ತೆಂಗಿನ ನಾರು ಅಥವಾ ಕತ್ತಾಳೆ ನಾರಿನದು, ಅಂಗಡಿಯಲ್ಲಿ ತೂಕಕ್ಕೆ ಮಾರುವ ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ಹಗ್ಗ, ಮತ್ತು ಹುರಿ ಹೊಸೆದ ನೈಲಾನ್. ಕೊಡ, ದನ, ಹೊರೆ, ಇವುಗಳಿಗೆ ಮೂರೂ ಆದೀತು. ಮನುಷ್ಯನ ಜೀವಕ್ಕೆ ಯಾವುದೂ ಆಗದು. ನಾರಿನ ಹಗ್ಗ ತೇವಕ್ಕೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಅದರಲ್ಲಿ ಬಳಸುವ ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕರಗುವುದರಿಂದ ವೇಗವಾಗಿ ಉಜ್ಜಿದರೆ ಅದು ತುಂಡಾಗಬಹುದು. ಹುರಿ ಹೊಸೆದ ಹಗ್ಗದಲ್ಲಿ ತೂಗಿದ ಮನುಷ್ಯ ಬುಗುರಿಯಂತೆ ತಿರುಗುತ್ತಾನೆ.

ಗುಹೆ ಮತ್ತು ರಕ್ಷಣಾ ಕಾರ್ಯಕ್ಕೆ ಬಳಸುವುದು ತಿರುಳು ಮತ್ತು ಕವಚ ಎಂಬ ಎರಡು ಪದರಗಳ ನೈಲಾನ್ ಹಗ್ಗ. ಒಳಗಿನ ತಿರುಳು ಭಾರ ಹೊರುತ್ತದೆ, ಹೊರಗಿನ ಹೆಣೆದ ಕವಚ ಉಜ್ಜಾಟವನ್ನು ತಡೆಯುತ್ತದೆ. ಜರ್ಮನಿಯ ಎಡೆಲ್‌ರಿಡ್ ಸಂಸ್ಥೆ 1953ರಲ್ಲಿ ಇಂತಹ ಹಗ್ಗವನ್ನು ರೂಪಿಸಿತು. ಇದರಲ್ಲಿಯೂ ಎರಡು ವಿಧ. ಬಂಡೆ ಹತ್ತುವವರು ಬಳಸುವುದು ಎಳೆದರೆ ಹಿಗ್ಗುವ ಹಗ್ಗ. ಬಿದ್ದಾಗ ಅದು ಆಘಾತವನ್ನು ಹೀರಿಕೊಳ್ಳುತ್ತದೆ. ಗುಹೆಗೆ ಇಳಿಯುವವರು ಬಳಸುವುದು ಹೆಚ್ಚು ಹಿಗ್ಗದ, ಸ್ಟ್ಯಾಟಿಕ್ ಎಂದು ಕರೆಯುವ ಹಗ್ಗ. ಹಿಗ್ಗುವ ಹಗ್ಗದಲ್ಲಿ ಏರುವವನು ಸ್ಪ್ರಿಂಗಿನಂತೆ ಮೇಲೆ ಕೆಳಗೆ ಕುಣಿಯುತ್ತಾನೆ, ಕುಣಿದಂತೆಲ್ಲ ಬಂಡೆಯ ಅಂಚು ಹಗ್ಗವನ್ನು ಗರಗಸದಂತೆ ಕೊಯ್ಯುತ್ತದೆ.

ಯುರೋಪಿನ ಇಎನ್ 1891 ಮಾನದಂಡದ 'ಎ' ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿ.ಗ್ರಾಂ. ಭಾರವನ್ನು ತಾಳಬೇಕು. ಇಷ್ಟೇಕೆ ಎಂದು ಕೇಳಬಹುದು. ಗಂಟು ಹಾಕಿದ ಕೂಡಲೇ ಹಗ್ಗದ ಬಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ತೇವವಾದರೆ ಇನ್ನಷ್ಟು ಕುಗ್ಗುತ್ತದೆ. ಹಳೆಯದಾದಂತೆ ಮತ್ತಷ್ಟು. ಬ್ಯಾಟರಿಯ ಆಮ್ಲ ತಗುಲಿದ ನೈಲಾನ್ ನೋಡಲು ಹೊಸದರಂತಿದ್ದರೂ ಒಳಗೆ ಸತ್ತಿರುತ್ತದೆ. ಟ್ರ್ಯಾಕ್ಟರ್ ಅಥವಾ ಜೀಪಿನ ಬ್ಯಾಟರಿಯ ಪಕ್ಕದಲ್ಲಿ ಇಟ್ಟು ಸಾಗಿಸಿದ ಹಗ್ಗವನ್ನು ನಂಬುವಂತಿಲ್ಲ.

ಆಧಾರ ಎಲ್ಲಿ?

ಹಗ್ಗ ಎಷ್ಟೇ ಗಟ್ಟಿಯಿರಲಿ, ಅದನ್ನು ಕಟ್ಟಿದ ಜಾಗ ಕಿತ್ತುಬಂದರೆ ಪ್ರಯೋಜನವಿಲ್ಲ. ಗುಹಾನ್ವೇಷಕರು ಒಂದೇ ಆಧಾರಕ್ಕೆ ಎಂದೂ ಜೋತುಬೀಳುವುದಿಲ್ಲ. ಒಂದು ಹೋದರೆ ಇನ್ನೊಂದು ಹಿಡಿಯುವಂತೆ ಕನಿಷ್ಠ ಎರಡು ಆಧಾರಗಳನ್ನು ಕಲ್ಪಿಸುತ್ತಾರೆ. ಎರಡಕ್ಕೂ ಸಮನಾಗಿ ಭಾರ ಹಂಚುವಾಗ ಹಗ್ಗದ ಎರಡು ಕವಲುಗಳ ನಡುವಿನ ಕೋನ ಕಿರಿದಾಗಿರಬೇಕು. ಕೋನ 120 ಡಿಗ್ರಿಯಾದರೆ ಪ್ರತಿ ಆಧಾರದ ಮೇಲೂ ಪೂರ್ತಿ ಭಾರವೇ ಬೀಳುತ್ತದೆ, ಹಂಚಿದ್ದು ವ್ಯರ್ಥ. 60 ಡಿಗ್ರಿಯಾದರೆ ಒಂದೊಂದರ ಮೇಲೆ ಶೇ. 58ರಷ್ಟು ಬೀಳುತ್ತದೆ.

ನಮ್ಮ ಗ್ರಾನೈಟಿಗೆ ಒಂದು ವಿಶೇಷ ಗುಣವಿದೆ. ಬಿಸಿಲು ಮಳೆಗೆ ಅದರ ಮೇಲ್ಪದರ ಈರುಳ್ಳಿಯ ಸಿಪ್ಪೆಯಂತೆ ಏಳುತ್ತದೆ. ಗಟ್ಟಿ ಬಂಡೆಯೆಂದು ತೋರುವುದು ಅಂಗೈ ದಪ್ಪದ ಹಾಳೆಯಾಗಿರಬಹುದು. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಮೊಳೆ ಹೊಡೆಯಬಾರದು, ಹಗ್ಗ ಸುತ್ತಬಾರದು. ಉರುಳಿ ನಿಂತ ಗುಂಡುಗಳೂ ಅಷ್ಟೆ. ನೂರು ವರ್ಷದಿಂದ ನಿಂತಿದೆ ಎಂಬುದು ಅಡ್ಡಲಾಗಿ ಎಳೆದಾಗಲೂ ನಿಲ್ಲುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಬಾವಿಯ ಬಳಿ ಜನ ಸಾಮಾನ್ಯವಾಗಿ ಹುಡುಕುವುದು ಹಳೆಯ ಕಪಿಲೆಯ ಕಲ್ಲುಕಂಬ, ಮೋಟಾರಿನ ಪೈಪು ಅಥವಾ ವಿದ್ಯುತ್ ಕಂಬ. ಮೂರೂ ಸಲ್ಲದು. ಬೇರೂರಿದ, ತೊಡೆಗಿಂತ ದಪ್ಪನಾದ ಜೀವಂತ ಮರ ಒಳ್ಳೆಯ ಆಧಾರ. ಹಗ್ಗವನ್ನು ಬುಡಕ್ಕೆ ಹತ್ತಿರವಾಗಿ ಕಟ್ಟಬೇಕು. ಟ್ರ್ಯಾಕ್ಟರನ್ನು ಬಳಸುವುದಾದರೆ ಬಾವಿಯ ಅಂಚಿನಿಂದ ದೂರ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕೀಲಿಯನ್ನು ತೆಗೆದಿಡತಕ್ಕದ್ದು. ಟ್ರ್ಯಾಕ್ಟರನ್ನು ಓಡಿಸಿ ಮನುಷ್ಯನನ್ನು ಎಳೆಯುವುದು ಮಾತ್ರ ಕೂಡದು. ಬಂಡೆಯ ತುದಿಗೆ ದೇಹ ಸಿಕ್ಕಿಕೊಂಡರೆ ಚಾಲಕನಿಗೆ ಗೊತ್ತಾಗುವುದಿಲ್ಲ, ಯಂತ್ರ ನಿಲ್ಲುವುದಿಲ್ಲ.

ಹಗ್ಗ ಬಂಡೆಯ ಅಂಚನ್ನು ದಾಟುವ ಕಡೆಯಲ್ಲಿ ರಕ್ಷಣೆ ಅಗತ್ಯ. ವೃತ್ತಿಪರರು ಇದಕ್ಕೆ ಉರುಳೆ ಅಥವಾ ದಪ್ಪ ಬಟ್ಟೆಯ ತೋಳು ಬಳಸುತ್ತಾರೆ. ಏನೂ ಇಲ್ಲದಲ್ಲಿ ನಾಲ್ಕು ಮಡಿಕೆಯ ಗೋಣಿಚೀಲವೂ ಇಲ್ಲದ್ದಕ್ಕಿಂತ ಮೇಲು. ಅದು ಜಾರಿ ಬೀಳದಂತೆ ಪ್ರತ್ಯೇಕ ದಾರದಿಂದ ಕಟ್ಟಬೇಕು.

ಇಳಿಯುವವರಲ್ಲಿ ಇರಬೇಕಾದದ್ದು

ಆಳವಾದ ಗುಹೆಗಳಲ್ಲಿ ಬಳಸುವ ವಿಧಾನವನ್ನು ಏಕಹಗ್ಗ ತಂತ್ರ ಎನ್ನಬಹುದು. ಸೊಂಟ ಮತ್ತು ತೊಡೆಗಳನ್ನು ಹಿಡಿಯುವ ಹಾರ್ನೆಸ್, ಹಗ್ಗವನ್ನು ಉಜ್ಜಿ ವೇಗ ತಗ್ಗಿಸುವ ಡಿಸೆಂಡರ್, ಮೇಲಕ್ಕೆ ಜಾರಿ ಕೆಳಕ್ಕೆ ಕಚ್ಚುವ ಎರಡು ಅಸೆಂಡರ್‌ಗಳು, ಕಾಲಿಡಲು ಒಂದು ಕುಣಿಕೆ, ಬೀಗವಿರುವ ಕ್ಯಾರಬೀನರ್‌ಗಳು, ಹೆಲ್ಮೆಟ್, ಕನಿಷ್ಠ ಎರಡು ದೀಪಗಳು. ಇವಿಷ್ಟು ಪ್ರತಿಯೊಬ್ಬರ ಬಳಿಯೂ ಇರಬೇಕು. ಒಂದು ಅಸೆಂಡರ್ ಎದೆಗೆ, ಇನ್ನೊಂದು ಕೈಗೆ. ಕಾಲು ಮಡಿಸಿ, ನಿಂತು, ಮತ್ತೆ ಕೂತು, ಕಪ್ಪೆಯಂತೆ ಹಗ್ಗದ ಮೇಲೆಯೇ ಏರಿ ಬರುವುದು ಈ ತಂತ್ರದ ತಿರುಳು.

ಲೋಹದ ಅಸೆಂಡರ್ ಇಲ್ಲದಿದ್ದಲ್ಲಿ ಸಪೂರ ಹಗ್ಗದ ಕುಣಿಕೆಯನ್ನು ದೊಡ್ಡ ಹಗ್ಗಕ್ಕೆ ಮೂರು ಸುತ್ತು ಸುತ್ತಿದ ಪ್ರೂಸಿಕ್ ಗಂಟು ಅದೇ ಕೆಲಸ ಮಾಡುತ್ತದೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಭಾರ ಬಿದ್ದಾಗ ಅದು ಬಿಗಿಯುತ್ತದೆ, ಭಾರ ತೆಗೆದಾಗ ಜಾರುತ್ತದೆ.

ಹಗ್ಗದ ಕೆಳತುದಿಗೆ ದಪ್ಪ ಗಂಟು ಹಾಕುವುದನ್ನು ಮರೆಯುವಂತಿಲ್ಲ. ಹಗ್ಗ ತಳ ಮುಟ್ಟದಿದ್ದಾಗ ತುದಿಯಿಂದ ಕಳಚಿ ಬೀಳುವುದನ್ನು ಈ ಒಂದು ಗಂಟು ತಪ್ಪಿಸುತ್ತದೆ. ಸೊಂಟಕ್ಕೆ ಜೀರುಕುಣಿಕೆ ಬಿಗಿದು ಇಳಿಸುವ ರೂಢಿ ಹಳ್ಳಿಗಳಲ್ಲಿದೆ. ತೂಗುವ ದೇಹದ ಭಾರಕ್ಕೆ ಅದು ಬಿಗಿಯುತ್ತಲೇ ಹೋಗಿ ಪಕ್ಕೆಲುಬನ್ನು ಒತ್ತಿ ಉಸಿರು ಕಟ್ಟಿಸುತ್ತದೆ.

ತೂಗುವ ದೇಹಕ್ಕೆ ಸಮಯವಿಲ್ಲ

ಹಾರ್ನೆಸ್‌ನಲ್ಲಿ ಕದಲದೆ ತೂಗುತ್ತಿರುವವರು ಸುರಕ್ಷಿತವಾಗಿದ್ದಾರೆ ಎಂಬ ಭಾವನೆ ತಪ್ಪು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಕಾಲು ಅಲುಗದೆ ಜೋತುಬಿದ್ದಾಗ ರಕ್ತ ಕೆಳಗೆ ಶೇಖರವಾಗಿ ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಆರೋಗ್ಯವಂತರಲ್ಲಿಯೂ ಹತ್ತು ನಿಮಿಷ ತುಂಬುವ ಮೊದಲೇ ತಲೆಸುತ್ತು ಬರಬಹುದು. ಪ್ರಜ್ಞೆ ತಪ್ಪಿದ ಮೇಲೂ ನೆಟ್ಟಗೆ ತೂಗುತ್ತಿದ್ದರೆ ಅದು ಸಾವಿಗೆ ದಾರಿ.

ಆದ್ದರಿಂದ ಹಗ್ಗದಲ್ಲಿ ಸಿಕ್ಕಿಕೊಂಡವರು ಕಾಲಾಡಿಸುತ್ತಿರಬೇಕು, ಸಾಧ್ಯವಾದರೆ ಕುಣಿಕೆಯಲ್ಲಿ ಕಾಲಿಟ್ಟು ನಿಲ್ಲಬೇಕು. ಮೇಲಿರುವವರು ಹೊರಗಿನ ತಂಡ ಬರಲೆಂದು ಕಾಯದೆ ಅವರನ್ನು ಹತ್ತಿರದ ನೆಲಕ್ಕೆ ಇಳಿಸಬೇಕು. ಮೇಲೆತ್ತುವುದಕ್ಕಿಂತ ಕೆಳಗಿಳಿಸುವುದು ಬಹುತೇಕ ಸಂದರ್ಭಗಳಲ್ಲಿ ಬೇಗ ಆಗುತ್ತದೆ. ಇಳಿಸಿದವರನ್ನು ಕೂರಿಸಿಯೇ ಇಡಬೇಕೆಂಬ ಸಲಹೆ ಹಿಂದೆ ಪ್ರಚಾರದಲ್ಲಿತ್ತು. ಈಗಿನ ವೈದ್ಯಕೀಯ ಸಲಹೆ ಅದಕ್ಕೆ ವಿರುದ್ಧ: ಅಂಗಾತ ಮಲಗಿಸಿ ಸಾಮಾನ್ಯ ಪ್ರಥಮ ಚಿಕಿತ್ಸೆ ನೀಡತಕ್ಕದ್ದು.

ಕಣ್ಣಿಗೆ ಕಾಣದ ಅಪಾಯ: ಬಾವಿಯ ಗಾಳಿ

ಬತ್ತಿದ ಬಾವಿಯಲ್ಲಿ ಹಗ್ಗಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ಗಾಳಿಯನ್ನು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿದೆ. ಅದು ಶೇ. 19.5ಕ್ಕಿಂತ ಕೆಳಗಿಳಿದ ಜಾಗವನ್ನು ಅಪಾಯಕಾರಿ ಎಂದು ಪರಿಗಣಿಸಲಾಗುತ್ತದೆ, ಶೇ. 10ಕ್ಕೂ ಕೆಳಗಿಳಿದರೆ ಬೇಗನೆ ಪ್ರಜ್ಞೆ ತಪ್ಪುತ್ತದೆ. ಕೊಳೆತ ಎಲೆ, ಕಸ, ಸತ್ತ ಪ್ರಾಣಿ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನಿಲ್ಲುತ್ತದೆ. ಕೆಸರನ್ನು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಹೊರಬರಬಹುದು. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗಿನ ಗ್ರಹಣ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ. ಬಾವಿಯೊಳಗೆ ಡೀಸೆಲ್ ಪಂಪು ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ.

ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಆರಿದರೆ ಇಳಿಯದಿರುವ ಪದ್ಧತಿ ಹಿರಿಯರಿಗೆ ತಿಳಿದಿತ್ತು. ಸೊಪ್ಪಿನ ಹೊರೆಯನ್ನು ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುವುದೂ ರೂಢಿಯಲ್ಲಿತ್ತು. ಆದರೆ ಉರಿಯುವ ದೀಪ ವಿಷಾನಿಲವನ್ನು ಗುರುತಿಸದು. ಸುಡುವ ಅನಿಲವಿದ್ದರೆ ಸ್ಫೋಟಕ್ಕೂ ಕಾರಣವಾದೀತು. ಆಮ್ಲಜನಕ, ಸುಡುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಈ ನಾಲ್ಕನ್ನೂ ಅಳೆಯುವ ಕೈಯಳತೆಯ ಮೀಟರುಗಳು ಇಂದು ಲಭ್ಯವಿವೆ.

ಮೊದಲು ಇಳಿದವರು ಕುಸಿದು ಬಿದ್ದಾಗ ಮೇಲಿದ್ದವರು ಹಿಂದುಮುಂದು ನೋಡದೆ ಇಳಿಯುತ್ತಾರೆ. ಅಣ್ಣನ ಹಿಂದೆ ತಮ್ಮ, ಮಗನ ಹಿಂದೆ ತಂದೆ. ಇಕ್ಕಟ್ಟಾದ ಜಾಗಗಳ ದುರಂತಗಳಲ್ಲಿ ಸತ್ತವರ ಪೈಕಿ ಶೇ. 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲಿ ಎಚ್ಚರಿಸಿತ್ತು. ನಮ್ಮಲ್ಲಿಯೂ 2020ರ ಮೇ ತಿಂಗಳಲ್ಲಿ ಕೆಜಿಎಫ್‌ನ ಮಾರಿಕುಪ್ಪಂ ಬಳಿ, 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಬಾವಿಗೆ ಇಳಿದ ಮೂವರು ಪ್ರಾಣ ಕಳೆದುಕೊಂಡರು. ಉಸಿರಾಟದ ಉಪಕರಣವಿಲ್ಲದೆ ಎರಡನೆಯವರು ಇಳಿಯಬಾರದು. ಈ ನಿಯಮ ಕಠೋರವಾಗಿ ತೋರಬಹುದು, ಆದರೆ ಒಂದು ಸಾವು ಮೂರಾಗದಂತೆ ತಡೆಯುವುದು ಇದೊಂದೇ.

ಆಳಿಗೊಂದು ಕಲ್ಲು

'ಹಾಳು ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು' ಎಂಬ ಗಾದೆಗೆ ರಕ್ಷಣಾ ಕಾರ್ಯದಲ್ಲಿ ಅಕ್ಷರಶಃ ಅರ್ಥವಿದೆ. ಸುದ್ದಿ ತಿಳಿದು ಅಂಚಿಗೆ ನುಗ್ಗುವ ಜನರ ಕಾಲಿನಿಂದ ಮಣ್ಣು, ಕಲ್ಲು ಒಳಗೆ ಬೀಳುತ್ತವೆ. 20 ಮೀಟರ್ ಆಳಕ್ಕೆ ಬೀಳುವ ಕಲ್ಲಿನ ವೇಗ ತಳದಲ್ಲಿ ಗಂಟೆಗೆ 70 ಕಿ.ಮೀ. ದಾಟುತ್ತದೆ. ಲಿಂಬೆಹಣ್ಣಿನ ಗಾತ್ರದ ಕಲ್ಲೂ ತಲೆ ಒಡೆಯಬಲ್ಲದು. ಕಲ್ಲುಕಟ್ಟಡ ಸಡಿಲಗೊಂಡ ಹಳೆಯ ಬಾವಿಯಾದರೆ ಜನರ ಭಾರಕ್ಕೆ ಅಂಚೇ ಕುಸಿಯಬಹುದು. ಆದ್ದರಿಂದ ಮೊದಲ ಕೆಲಸ ಜನರನ್ನು ಹಿಂದಕ್ಕೆ ಸರಿಸಿ ಹಗ್ಗವನ್ನೋ ಮುಳ್ಳುಬೇಲಿಯನ್ನೋ ಅಡ್ಡ ಕಟ್ಟುವುದು.

ಮಾತು ಕೇಳಿಸುವುದೂ ಸಮಸ್ಯೆಯೇ. ಬಾವಿಯಲ್ಲಿ ಸದ್ದು ಮಾರ್ದನಿಗೊಂಡು 'ಬಿಡು' ಎಂದದ್ದು 'ಬೇಡ' ಎಂದೂ, 'ಬೇಡ' ಎಂದದ್ದು 'ಬಿಡು' ಎಂದೂ ಕೇಳಬಹುದು. ಅದಕ್ಕಾಗಿಯೇ ಗುಹಾನ್ವೇಷಕರು ಸೀಟಿಯ ಸಂಕೇತ ಬಳಸುತ್ತಾರೆ: ಒಂದು ಸೀಟಿ ನಿಲ್ಲಿಸು, ಎರಡು ಮೇಲಕ್ಕೆ, ಮೂರು ಕೆಳಕ್ಕೆ. ಬೆಟ್ಟದಲ್ಲಿ ದಾರಿ ತಪ್ಪಿದವರು ನಿಮಿಷಕ್ಕೆ ಆರು ಬಾರಿ ಸೀಟಿ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಅಂತರರಾಷ್ಟ್ರೀಯ ಸಂಕೇತ.

ಬೆಟ್ಟದ ಸೀಳುಗಳಲ್ಲಿ ಇನ್ನೂ ಎರಡು ಅಪಾಯಗಳಿವೆ. ಈ ಸೀಮೆಯ ಬಂಡೆಸಂದುಗಳು ಕರಡಿ, ಚಿರತೆಗಳ ವಾಸಸ್ಥಾನ. ಕಡಿದಾದ ಬಂಡೆಮುಖಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ನೆಲದ ಮೇಲಿರುವವರು ಓಡಿಹೋಗಬಹುದು, ಹಗ್ಗದಲ್ಲಿರುವವರು ಓಡಲಾರರು. ಇಳಿಯುವ ಮುನ್ನ ಎದುರು ದಿಕ್ಕಿನಿಂದ ಬಂಡೆಮುಖವನ್ನು ಪೂರ್ತಿ ನೋಡಿಕೊಳ್ಳುವುದು ಮತ್ತು ಬೆಂಕಿ, ಹೊಗೆ, ಗದ್ದಲಗಳಿಂದ ದೂರವಿರುವುದು ಒಳಿತು.

ಎತ್ತುವುದರ ಲೆಕ್ಕ

ಉಪಕರಣ ಸೇರಿ 80 ಕಿ.ಗ್ರಾಂ. ತೂಗುವ ಒಬ್ಬರನ್ನು ನಾಲ್ಕು ಜನ ಸೇರಿ ಎಳೆದುಬಿಡಬಹುದು ಎಂದು ತೋರುತ್ತದೆ. ಆದರೆ ಹಗ್ಗ ಬಂಡೆಯ ಅಂಚಿಗೆ ಉಜ್ಜುವುದರಿಂದಲೇ ಬೇಕಾದ ಬಲ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನಷ್ಟಾಗುತ್ತದೆ. ಎಳೆಯುವವರ ಕೈ ಸೋತರೆ ಹಗ್ಗ ಹಿಂದಕ್ಕೆ ಜಾರುತ್ತದೆ. ಆದುದರಿಂದ ರಕ್ಷಕರು ರಾಟೆಗಳನ್ನು ಜೋಡಿಸಿ ಮೂರಕ್ಕೆ ಒಂದರ ಅನುಕೂಲ ಪಡೆಯುತ್ತಾರೆ. ಲೆಕ್ಕದ ಪ್ರಕಾರ 27 ಕಿ.ಗ್ರಾಂ. ಬಲ ಸಾಕು, ಉಜ್ಜಾಟದಿಂದಾಗಿ ನಿಜದಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಇದಕ್ಕೆ ತೆರುವ ಬೆಲೆ ಎಂದರೆ ಉದ್ದ. 20 ಮೀಟರ್ ಎತ್ತಲು 60 ಮೀಟರ್ ಹಗ್ಗ ಎಳೆಯಬೇಕು. ಪ್ರತಿ ಎಳೆತದ ನಂತರ ಹಗ್ಗವನ್ನು ಕಚ್ಚಿ ಹಿಡಿಯುವ ಸಾಧನ ಕಡ್ಡಾಯ. ಎತ್ತುವ ಹಗ್ಗವಲ್ಲದೆ ಪ್ರತ್ಯೇಕ ಆಧಾರಕ್ಕೆ ಕಟ್ಟಿದ ಎರಡನೆಯ ಸುರಕ್ಷಾ ಹಗ್ಗವೂ ಇರಬೇಕು.

ಗಾಯಾಳುವನ್ನು ಸ್ಟ್ರೆಚರ್‌ನಲ್ಲಿ ಎತ್ತುವುದು ಎಷ್ಟು ಕಷ್ಟ ಎಂಬುದಕ್ಕೆ 2014ರ ಜರ್ಮನಿಯ ಘಟನೆ ನಿದರ್ಶನ. ಅಲ್ಲಿನ ರೀಸೆಂಡಿಂಗ್ ಗುಹೆಯಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಕಲ್ಲುಬಿದ್ದು ತಲೆಗೆ ಪೆಟ್ಟಾದ ಅನ್ವೇಷಕರೊಬ್ಬರನ್ನು ಹೊರತರಲು ಐದು ದೇಶಗಳ 700ಕ್ಕೂ ಹೆಚ್ಚು ಮಂದಿ ಶ್ರಮಿಸಿದರು. ಜೂನ್ 8ರಂದು ಗಾಯಗೊಂಡವರು ಹೊರಬಂದದ್ದು ಜೂನ್ 19ರಂದು. ಹೆಲ್ಮೆಟ್ ಧರಿಸಿದ್ದ, ಅನುಭವಿ ವ್ಯಕ್ತಿಯ ವಿಷಯವಿದು.

ನೆರವು ಎಲ್ಲಿಂದ?

ತುರ್ತು ಕರೆಗೆ 112, ಅಗ್ನಿಶಾಮಕಕ್ಕೆ 101, ಆಂಬುಲೆನ್ಸ್‌ಗೆ 108. ಮೊದಲು ಬರುವುದು ಹತ್ತಿರದ ಅಗ್ನಿಶಾಮಕ ಠಾಣೆಯ ವಾಹನ. ಹೆಚ್ಚಿನ ನೆರವು ಬೇಕಾದರೆ ರಾಜ್ಯ ವಿಪತ್ತು ಸ್ಪಂದನಾ ಪಡೆ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗಳನ್ನು ಜಿಲ್ಲಾಡಳಿತ ಕರೆಸುತ್ತದೆ. ರಾಷ್ಟ್ರೀಯ ಪಡೆಯ 10ನೇ ಬೆಟಾಲಿಯನ್ ನೆಲೆ ವಿಜಯವಾಡದ ಬಳಿಯಿದ್ದು, ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಪಾವಗಡ ಜಿಲ್ಲಾ ಕೇಂದ್ರದಿಂದಲೇ ಸುಮಾರು 100 ಕಿ.ಮೀ. ದೂರ, ಬಹುಪಾಲು ಸುತ್ತಲೂ ಆಂಧ್ರದ ನೆಲ. ಗಡಿಯಲ್ಲಿ ಅವಘಡವಾದಾಗ ಯಾವ ರಾಜ್ಯದ ಗ್ರಾಮ, ಯಾವ ಹೋಬಳಿ ಎಂಬುದನ್ನು ಕರೆ ಮಾಡಿದವರು ಸ್ಪಷ್ಟಪಡಿಸದಿದ್ದರೆ ಮತ್ತಷ್ಟು ಕಾಲ ವ್ಯರ್ಥವಾಗುತ್ತದೆ.

ಸಿಕ್ಕಿಕೊಂಡ ಜಾಗವನ್ನು ನಿಖರವಾಗಿ ತಿಳಿಸುವುದರ ಬೆಲೆ ನಂದಿಬೆಟ್ಟದಲ್ಲಿ ಗೊತ್ತಾಯಿತು. 2022ರ ಫೆಬ್ರುವರಿ 20ರಂದು ಅಲ್ಲಿನ ಬ್ರಹ್ಮಗಿರಿ ಬಂಡೆಯಿಂದ ಜಾರಿ ಸುಮಾರು 300 ಅಡಿ ಕೆಳಗೆ ಸಿಕ್ಕಿಕೊಂಡ ವಿದ್ಯಾರ್ಥಿ ಮೊಬೈಲ್ ಮೂಲಕ ತಾನಿರುವ ಸ್ಥಳ ತಿಳಿಸಿದ. ಯಲಹಂಕ ವಾಯುನೆಲೆಯ ಎಂಐ-17 ಹೆಲಿಕಾಪ್ಟರ್ ಆತನನ್ನು ಮೇಲೆತ್ತಿತು. ಅದೇ ತಿಂಗಳು ಕೇರಳದ ಮಲಂಪುಳದ ಬೆಟ್ಟದಲ್ಲಿ ಬಂಡೆಯ ಸಂದಿನಲ್ಲಿ ಎರಡು ದಿನ ಸಿಲುಕಿದ್ದ ಯುವಕನನ್ನು ಸೇನೆಯ ಪರ್ವತಾರೋಹಿಗಳು ಮೇಲಿನಿಂದ ಹಗ್ಗದಲ್ಲಿ ಇಳಿದು, ತಮಗೇ ಕಟ್ಟಿಕೊಂಡು ಮೇಲೆ ತಂದರು. ಆದರೆ ಹೆಲಿಕಾಪ್ಟರ್ ಗುಹೆಯೊಳಗೆ ಬಾರದು, ಬಾವಿಯೊಳಗೂ ಬಾರದು. ಅಲ್ಲಿ ಹಗ್ಗವೊಂದೇ ದಾರಿ.

ತರಬೇತಿ ಬಯಸುವವರಿಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಲಾರೋಹಣ ಶಿಬಿರಗಳಿವೆ. ಅಂತರ್ಜಾಲದ ವಿಡಿಯೋ ನೋಡಿ ಗಂಟು ಕಲಿಯಬಹುದು. ಆ ಗಂಟಿಗೆ ಜೋತುಬೀಳುವ ಮೊದಲು ತಿಳಿದವರೊಬ್ಬರು ಅದನ್ನು ನೋಡಬೇಕು. ಈ ಲೇಖನವೂ ತರಬೇತಿಗೆ ಬದಲಿಯಲ್ಲ.

ಕೊಳವೆ ಬಾವಿಯ ಮಾತೇ ಬೇರೆ

ಮನುಷ್ಯ ಇಳಿಯಲಾರದ ಕೊಳವೆ ಬಾವಿಯಲ್ಲಿ ಹಗ್ಗದ ತಂತ್ರ ನಡೆಯದು. ಕುಣಿಕೆ ಹಾಕಿ ಎಳೆಯುವ ಪ್ರಯತ್ನದಲ್ಲಿ ಮಗು ಇನ್ನೂ ಆಳಕ್ಕೆ ಜಾರುವ ಭಯವಿದೆ. 2024ರ ಏಪ್ರಿಲ್ 3ರಂದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವಿಗೆ ಕೊಳವೆಯ ಮೂಲಕ ಆಮ್ಲಜನಕ ನೀಡುತ್ತ, ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ವಿಫಲ ಕೊಳವೆ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು, ಬಳಕೆಯಲ್ಲಿರುವುದಕ್ಕೆ ಉಕ್ಕಿನ ಮುಚ್ಚಳ ಬಿಗಿಯಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ನಿರ್ದೇಶಿಸಿದೆ. ತೆರೆದ ಬಾವಿಗೂ ಇದೇ ನ್ಯಾಯ ಸಲ್ಲುತ್ತದೆ. ಹಗಲು ಕಂಡ ಬಾವಿಗೆ ಇರುಳು ಬೀಳುವುದನ್ನು ತಪ್ಪಿಸಲು ನಾಲ್ಕಡಿಯ ಸುತ್ತುಗೋಡೆ ಸಾಕು.

ಅವಘಡವಾದಾಗ ಮಾಡಬೇಕಾದದ್ದು

1. ಕೂಡಲೇ 112ಕ್ಕೆ ಕರೆ ಮಾಡಿ. ಗ್ರಾಮ, ಹೋಬಳಿ, ತಾಲ್ಲೂಕು, ಅಂದಾಜು ಆಳ, ನೀರಿದೆಯೇ ಇಲ್ಲವೇ, ಎಷ್ಟು ಜನ ಒಳಗಿದ್ದಾರೆ, ವಾಹನ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ತಿಳಿಸಿ. ಒಬ್ಬರನ್ನು ರಸ್ತೆಯಲ್ಲಿ ನಿಲ್ಲಿಸಿ.

2. ಜನರನ್ನು ಅಂಚಿನಿಂದ ದೂರ ಸರಿಸಿ.

3. ಬಾವಿಯಾದರೆ ಮೋಟಾರಿನ ವಿದ್ಯುತ್ ಸಂಪರ್ಕವನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಕಡಿತಗೊಳಿಸಿ. ಡೀಸೆಲ್ ಎಂಜಿನ್ ನಿಲ್ಲಿಸಿ.

4. ನೀರಿರುವ ಬಾವಿಯಾದರೆ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಅಥವಾ ಗಾಳಿ ತುಂಬಿದ ಟ್ಯೂಬನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಿ. ನೀವು ಧುಮುಕಬೇಡಿ.

5. ಒಳಗಿರುವವರೊಡನೆ ಮಾತಾಡುತ್ತಿರಿ. ಉತ್ತರ ನಿಂತರೆ, ಕಾರಣ ಕೆಟ್ಟ ಗಾಳಿಯೆಂದೇ ಭಾವಿಸಿ, ಯಾರೂ ಇಳಿಯಬೇಡಿ. ಬ್ಲೋಯರ್ ಇದ್ದರೆ ಹೊರಗಿನ ಶುದ್ಧ ಗಾಳಿಯನ್ನು ಒಳಕ್ಕೆ ಹಾಯಿಸಿ.

6. ಹಗ್ಗದಲ್ಲಿ ತೂಗುತ್ತಿರುವವರನ್ನು ಆದಷ್ಟು ಬೇಗ ಹತ್ತಿರದ ನೆಲಕ್ಕೆ ಇಳಿಸಿ.

7. ಬಿದ್ದವರ ಬೆನ್ನು, ಕುತ್ತಿಗೆಗೆ ಪೆಟ್ಟಾಗಿದೆಯೆಂದೇ ಭಾವಿಸಿ. ಕೈಕಾಲು ಹಿಡಿದು ಎಳೆಯಬೇಡಿ.

ಚಾರಣಕ್ಕೆ ಹೊರಡುವವರು ಇದಕ್ಕೆ ಒಂದನ್ನು ಸೇರಿಸಿಕೊಳ್ಳಬೇಕು. ಯಾವ ಬೆಟ್ಟ, ಯಾವ ದಾರಿ, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂಬುದನ್ನು ಮನೆಯಲ್ಲಿಯೂ ಬೆಟ್ಟದ ಬುಡದ ಊರಿನಲ್ಲಿಯೂ ಒಬ್ಬರಿಗೆ ಹೇಳಿ ಹೋಗುವುದು. ಗುಹೆಯೊಳಗೆ ಮೊಬೈಲ್ ಸಂಕೇತ ಸಿಗುವುದಿಲ್ಲ. ಹೇಳಿದ ಹೊತ್ತಿಗೆ ಬಾರದವರನ್ನು ಹುಡುಕಲು ಹೊರಡುವವರು ಇದ್ದಾರೆಂಬುದೇ ಅಲ್ಲಿನ ಮೊದಲ ಸುರಕ್ಷಾ ಹಗ್ಗ.